ಚಳಿಗಾಲಕ್ಕೊಂದು ದೀಪ

ಅಮೆರಿಕದ ಎಂಜಿನಿಯರ್ ಹರ್ಬ್ ಕರ್ನ್ ತಮ್ಮ ಮನಸ್ಸಿನ ಏರಿಳಿತವನ್ನು ವರ್ಷಗಟ್ಟಲೆ ಪುಟ್ಟ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಹಗಲು ಕುಗ್ಗಿದರೆ ತಾವೂ ಕುಗ್ಗುತ್ತೇವೆಂಬ ಲೆಕ್ಕ ಅವರದೇ, ವೈದ್ಯರದಲ್ಲ.

ಪ್ರಖರ ಬೆಳಕು ಮನುಷ್ಯರಲ್ಲಿ ಮೆಲಟೋನಿನ್ ಎಂಬ ಹಾರ್ಮೋನಿನ ಸ್ರಾವವನ್ನು ತಡೆಯುತ್ತದೆಂದು ಆಲ್ಫ್ರೆಡ್ ಲೂಯಿ ತಂಡ 1980ರಲ್ಲಿ ತೋರಿಸಿತ್ತು. ಅದನ್ನೇ ಆಧರಿಸಿ ಆ ಚಳಿಗಾಲ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕರ್ನ್‌ರನ್ನು ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 7 ಗಂಟೆವರೆಗೆ ದೀಪದ ಮುಂದೆ ಕೂರಿಸಿದರು. ಕೆಲವೇ ದಿನಗಳಲ್ಲಿ ಗೆಲುವಾದರು.

ಒಬ್ಬರ ಕಥೆ ಪುರಾವೆಯಾಗದು ನಿಜ. ಆದರೆ ಜೋಹಾನ್ಸ್‌ಬರ್ಗ್‌ನ ಬಿಸಿಲಿನಿಂದ ನ್ಯೂಯಾರ್ಕ್‌ಗೆ ಬಂದು, ಚಳಿಗಾಲದಲ್ಲಿ ಸ್ವತಃ ಮಂಕಾಗಿದ್ದ ನಾರ್ಮನ್ ರೋಸೆಂತಾಲ್ 1984ರಲ್ಲಿ 29 ರೋಗಿಗಳ ವಿವರ ಕೊಟ್ಟು ಚಳಿಗಾಲದ ಈ ಖಿನ್ನತೆಗೆ ಹೆಸರಿಟ್ಟರು. ಋತುವಿನೊಂದಿಗೆ ಬದಲಾಗುವ ಮನಸ್ಥಿತಿ ಅಳೆಯಲು ಅವರ ತಂಡ ರೂಪಿಸಿದ ಪ್ರಶ್ನಾವಳಿ ಹಿಡಿದೇ ಮುಂದೆ ಸಂಶೋಧಕರು, ಖಿನ್ನತೆಯವರಷ್ಟೇ ಅಲ್ಲದೆ, ಗೀಳುರೋಗಿಗಳ ನಿದ್ದೆ, ತೂಕ, ಉತ್ಸಾಹಗಳ ಋತುವಾರು ಏರಿಳಿತವನ್ನೂ ಕೇಳತೊಡಗಿದರು.