ಮರೆವಿನ ಲೆಕ್ಕ

ಪರೀಕ್ಷೆಯ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುವ ಗದರಿಕೆಯೊಂದಿದೆ: "ನಿನ್ನೆ ಓದಿದ್ದು ಇವತ್ತೇ ಮರೆತುಹೋಯಿತೇ? ನಿನ್ನ ಮನಸ್ಸು ಎಲ್ಲಿದೆ?" ಮರೆವೆಂದರೆ ಸೋಮಾರಿತನ ಅಥವಾ ದಡ್ಡತನವೆಂದು ನಾವು ಬೇಗನೆ ತೀರ್ಪು ನೀಡಿಬಿಡುತ್ತೇವೆ. ಇತಿಹಾಸ ಹೇಳುವುದು ಬೇರೆ.

ನೆನಪಿನ ಕುರಿತಾದ ಚಿಂತನೆ ಹೊಸದಲ್ಲ. ಸಂತ ಅಗಸ್ಟೀನರು ಕ್ರಿ.ಶ. 400ರ ಸುಮಾರಿಗೆ ಬರೆದ ಆತ್ಮಕಥನದ ಹತ್ತನೆಯ ಭಾಗದಲ್ಲಿ ನೆನಪನ್ನು ವಿಶಾಲ ಅರಮನೆಗೆ ಹೋಲಿಸಿ, ಮರೆವೆಂಬುದೂ ನಮಗೆ ನೆನಪಿರುವುದು ಹೇಗೆಂದು ಬೆರಗಾಗಿದ್ದರು. ಆದರೆ ಆ ಮರೆವನ್ನು ಪ್ರಯೋಗದಿಂದ ಅಳೆದು ತೋರಿಸಿದವರು ಜರ್ಮನಿಯ ವಿದ್ವಾಂಸ ಹರ್ಮನ್ ಎಬ್ಬಿಂಗ್‌ಹೌಸ್ (1850–1909).

ಅವರು ಪ್ರಯೋಗಕ್ಕೆ ಒಡ್ಡಿಕೊಂಡದ್ದು ತಮ್ಮನ್ನೇ. ಅರ್ಥದ ನೆರವು ದೊರೆಯಬಾರದೆಂದು ಸುಮಾರು 2,300 ಅರ್ಥವಿಲ್ಲದ ಉಚ್ಚಾರಗಳನ್ನು ರಚಿಸಿ, ಅವುಗಳ ಸಾಲುಗಳನ್ನು ಕಂಠಪಾಠ ಮಾಡಿದರು. ಕೆಲಕಾಲ ಬಿಟ್ಟು ಅವನ್ನೇ ಮತ್ತೆ ಕಲಿತು, ಎರಡನೆಯ ಬಾರಿ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಟ್ಟರು. 1885ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ, ಆ ಉಳಿತಾಯ 20 ನಿಮಿಷಗಳ ನಂತರ ಶೇ. 58, ಒಂದು ಗಂಟೆಯ ನಂತರ ಶೇ. 44, ಒಂದು ದಿನದ ನಂತರ ಶೇ. 34, 31 ದಿನಗಳ ನಂತರ ಶೇ. 21. ಮರೆವು ಮೊದಲ ಗಂಟೆಯಲ್ಲಿ ಧಾವಿಸುತ್ತದೆ, ಅನಂತರ ನಿಧಾನಿಸುತ್ತದೆ. ತಿಂಗಳು ಕಳೆದರೂ ಕಲಿತದ್ದು ಪೂರ್ತಿ ಅಳಿಸಿಹೋಗಿರಲಿಲ್ಲ.

ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಉಪಯುಕ್ತವಾದುದು. ಒಂದೇ ದಿನ ಎಡೆಬಿಡದೆ 68 ಬಾರಿ ಪಠಿಸಿ ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿ 38 ಬಾರಿ ಪಠಿಸಿದಾಗಲೂ ಅವರು ಪಡೆದರು.

ಅರ್ಥವುಳ್ಳ ಪಾಠಗಳ ವಿಷಯದಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಪಾಠವನ್ನು ಪುನಃ ಓದಿದ ವಿದ್ಯಾರ್ಥಿಗಳು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ಮುಂದಿದ್ದವರು, ಪಾಠವನ್ನು ನೋಡದೆ ನೆನಪಿನಿಂದಲೇ ಬರೆದವರು!

ನಮ್ಮ ಹಿರಿಯರು ಪ್ರತಿ ಸಂಜೆ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದುದರಲ್ಲಿ ಈ ಎರಡೂ ಇದ್ದವು: ದಿನದಿನದ ಅಂತರ ಮತ್ತು ನೋಡದೆ ಹೇಳುವ ರೂಢಿ. ಅಂದು ಕಲಿತ ಮಗ್ಗಿ ಎಪ್ಪತ್ತು ದಾಟಿದ ಎಷ್ಟೋ ಮಂದಿಗೆ ಇಂದಿಗೂ ಬಾಯಲ್ಲಿದೆ.

ಆದ್ದರಿಂದ ಪ್ರಿಯ ತಂದೆತಾಯಂದಿರೇ, ಮಗು ಓದಿದ ಪಾಠವನ್ನು ಪುಸ್ತಕ ಮುಚ್ಚಿಸಿ ಇಂದೊಮ್ಮೆ, ನಾಳೆಯೊಮ್ಮೆ, ವಾರದ ನಂತರ ಮತ್ತೊಮ್ಮೆ ಹೇಳಿಸಿರಿ. ತಪ್ಪಿದಲ್ಲಿ ಪುಸ್ತಕ ತೆರೆದು ತೋರಿಸಿರಿ. ಮರೆಯುವುದು ಮಗುವಿನ ಅಪರಾಧವಲ್ಲ. ಅದರ ಜೊತೆ ಕುಳಿತು ಕೇಳಿಸಿಕೊಳ್ಳಲು ನಮ್ಮಲ್ಲಿ ಹತ್ತು ನಿಮಿಷವಿದೆಯೇ ಎಂಬುದನ್ನು ಗದರುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ.