ಏರಿ, ತೂಬು, ಕೋಡಿ: ಜನ್ನಾಪುರ ಸೀಮೆಯ ಕೆರೆ ವ್ಯವಸ್ಥೆ
ಭದ್ರಾ ಹೊಳೆ ಹತ್ತಿರದಲ್ಲೇ ಹರಿದರೂ ಅದರ ನೀರು ಎತ್ತರದ ಗದ್ದೆಗೆ ತಾನಾಗಿ ಏರದು. ಅದಕ್ಕೇ ಈ ಸೀಮೆಯವರು ಮಳೆನೀರಿಗೆ ಮಣ್ಣಿನ ಏರಿ ಹಾಕಿ ಕೆರೆ ಕಟ್ಟಿದರು. ಈ ಜಾಣ್ಮೆ ಬಹಳ ಹಳೆಯದು: ಕದಂಬ ದೊರೆ ಕಾಕುಸ್ಥವರ್ಮ ಶಿವಾಲಯದ ಬಳಿ ದೊಡ್ಡ ಕೆರೆ ಕಟ್ಟಿಸಿದ್ದನ್ನು ಇದೇ ಶಿವಮೊಗ್ಗ ಜಿಲ್ಲೆಯ ತಾಳಗುಂದದ 5ನೇ ಶತಮಾನದ ಕಂಬಶಾಸನ ಹೇಳುತ್ತದೆ.

ಕೆರೆಯ ಜೀವ ತೂಬಿನಲ್ಲಿದೆ. ಎರಡು ಕಲ್ಲುಕಂಬಗಳ ನಡುವಿನ ಕೋಲನ್ನು ಮೇಲೆತ್ತಿದರೆ ತಳದ ಕಂಡಿ ತೆರೆದು ನೀರು ಕಾಲುವೆಗೆ ಇಳಿಯುತ್ತಿತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಮಿಕ್ಕ ನೀರು ಕೋಡಿ ಹರಿದು ಕೆಳಗಿನ ಕೆರೆ ಸೇರುತ್ತಿತ್ತು.

ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಇದು ಕಟ್ಟುಗೊಡಗೆ. ಏರಿಯಷ್ಟೇ ಗಟ್ಟಿಯಾದ ಏರ್ಪಾಡು ಇದು.