ಬೆರಳು ಸವೆದರೆ ಗುರುತು ಹೋಗುವುದಿಲ್ಲ: ಬಹು ಬಯೋಮೆಟ್ರಿಕ್ ದೃಢೀಕರಣ ಎಂದರೇನು?

ಬೆರಳಚ್ಚು, ಕಣ್ಣಿನ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪದರ), ಮುಖ - ಹೀಗೆ ದೇಹದ ಒಂದಕ್ಕಿಂತ ಹೆಚ್ಚು ಲಕ್ಷಣಗಳಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನವೇ ಬಹು ಬಯೋಮೆಟ್ರಿಕ್ ದೃಢೀಕರಣ. ಆಧಾರ್ ಇದರ ದೊಡ್ಡ ಉದಾಹರಣೆ. 2010ರಲ್ಲಿ ವಿತರಣೆ ಶುರುವಾದ ಆಧಾರ್‌ಗೆ ಹತ್ತು ಬೆರಳು, ಎರಡೂ ಕಣ್ಣು ಮತ್ತು ಮುಖದ ಫೋಟೊ ಪಡೆಯಲಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಫೋಟೊ ಮಾತ್ರ; 5 ಮತ್ತು 15ನೇ ವಯಸ್ಸಿನಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಬೇಕು.

ಒಂದೇ ಲಕ್ಷಣ ಯಾಕೆ ಸಾಲದು?

ಬೀಡಿ ಕಟ್ಟುವ, ಅಡಿಕೆ ಸುಲಿಯುವ, ಸಿಮೆಂಟ್ ಕಲಸುವ ಕೈಗಳ ಗೆರೆ ಸವೆಯುತ್ತದೆ. ವಯಸ್ಸಾದಂತೆ ಚರ್ಮ ಒಣಗಿ ಸುಕ್ಕಾಗುತ್ತದೆ. ಆಗ ಯಂತ್ರಕ್ಕೆ ಬೆರಳು ಸಿಗದು. ಕಣ್ಣಿನ ಪೊರೆಯ ಆಪರೇಷನ್ ಆದವರಲ್ಲಿ ಐರಿಸ್ ಹೊಂದಾಣಿಕೆಗೂ ತೊಡಕಾಗಬಹುದು. ಮುಖ ಗುರುತಿಸಲು ಬೆಳಕು ಸರಿಯಿರಬೇಕು. ಒಂದು ಕೈಕೊಟ್ಟಾಗ ಇನ್ನೊಂದು ನೆರವಾಗಲಿ ಎಂಬುದೇ ಇಲ್ಲಿನ ಲೆಕ್ಕಾಚಾರ.

ಕೆಲಸ ಮಾಡುವ ಬಗೆ

ಯಂತ್ರ ಪ್ರತಿ ಲಕ್ಷಣಕ್ಕೂ ಹೊಂದಾಣಿಕೆಯ ಅಂಕ ಕೊಡುತ್ತದೆ. ಅಂಕಗಳನ್ನು ಕೂಡಿಸಿ ತೀರ್ಮಾನಿಸಬಹುದು. ಇಲ್ಲವೇ 'ಒಂದು ಹೊಂದಿದರೂ ಸಾಕು' ಅಥವಾ 'ಎಲ್ಲವೂ ಹೊಂದಲೇಬೇಕು' ಎಂಬ ನಿಯಮ ಇಡಬಹುದು. ಮೊದಲ ನಿಯಮದಲ್ಲಿ ಅರ್ಹರು ಬರಿಗೈಲಿ ಮರಳುವುದು ಕಡಿಮೆ, ಆದರೆ ಬೇರೆಯವರು ನುಸುಳುವ ಅಪಾಯ ಹೆಚ್ಚು. ಎರಡನೆಯದರಲ್ಲಿ ಇದು ತಿರುಗುಮುರುಗು. ಬ್ಯಾಂಕ್ ಲಾಕರಿಗೆ ಎರಡನೆಯದು ಸರಿ. ರೇಷನ್ ಅಕ್ಕಿಗೆ ಮೊದಲನೆಯದೇ ನ್ಯಾಯ.

ಕೇರಳದ ಅನುಭವ

2024ರಲ್ಲಿ ಕೇರಳದ ಹಳದಿ ಮತ್ತು ಪಿಂಕ್ ರೇಷನ್ ಕಾರ್ಡಿನವರ ಮಸ್ಟರಿಂಗ್ ನಡೆದಾಗ ಹಲವರ ಬೆರಳಚ್ಚು ಹೊಂದಲಿಲ್ಲ. ಅಂಥವರಿಗೆ ಐರಿಸ್ ಸ್ಕ್ಯಾನರ್ ಮತ್ತು ಮುಖ ಗುರುತಿಸುವ ಮೊಬೈಲ್ ಆ್ಯಪ್ ಬಳಸಲಾಯಿತು. ಬೆರಳುಗಳೇ ಇಲ್ಲದವರು ಐರಿಸ್ ಮೂಲಕ ಆಧಾರ್ ಪಡೆಯಬಹುದೆಂದು ಕೇಂದ್ರ ಸರಕಾರ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತ್ತು. ಎರಡೂ ಇಲ್ಲದವರಿಗೂ ವಿನಾಯಿತಿ ನೋಂದಣಿ ಇದೆ.

ನೆನಪಿಡಬೇಕಾದದ್ದು

* ಬೆರಳು ಹೊಂದದಿದ್ದರೆ ಬೇರೆ ಬೆರಳು ಇಟ್ಟು ನೋಡಬೇಕು. ಆಗದಿದ್ದರೆ ಐರಿಸ್ ಅಥವಾ ಒಟಿಪಿ ಕೇಳಬೇಕು. ಒಟಿಪಿ ಬರಲು ಮೊಬೈಲ್ ನಂಬರ್ ಜೋಡಣೆಯಾಗಿರಬೇಕು.
* ಪದೇ ಪದೇ ವಿಫಲವಾದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಿಸಬೇಕು.
* ದುರುಪಯೋಗದ ಭಯವಿದ್ದರೆ ಬಯೋಮೆಟ್ರಿಕ್ ಲಾಕ್ ಮಾಡಿಡಬಹುದು. ಪಾಸ್‌ವರ್ಡ್ ಕದ್ದುಹೋದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ನಿರಾಕರಿಸಬಾರದು ಎಂಬುದು 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ. ಯಂತ್ರ 'ಇಲ್ಲ' ಎಂದರೆ ಗುರುತು ಸಿಗಲಿಲ್ಲ ಎಂದಷ್ಟೇ ಅರ್ಥ; ಹಕ್ಕು ಇಲ್ಲ ಎಂದಲ್ಲ.